ಬಾಗಿಲ ಪಕ್ಕದ ಹಾಸಿಗೆ

ನಮ್ಮ ಊರಿನಲ್ಲಿ ಚಳಿಗಾಲದ ರಜೆಯೆಂದರೆ ತಿನ್ನುವುದು, ಮಲಗುವುದು, ಎದ್ದು ಮತ್ತೆ ತಿನ್ನುವುದು. ಹೊಲ ಹಿಮದ ಕೆಳಗೆ, ಕುರಿ ದೊಡ್ಡಿಯೊಳಗೆ, ಶಾಲೆಗೆ ಬೀಗ. ರಾಜಧಾನಿ ಬಿಷ್ಕೆಕ್‌ನಲ್ಲಿ ದುಡಿಯುವವರೆಲ್ಲ ಹೊಸ ವರ್ಷಕ್ಕೆಂದು ವ್ಯಾನುಗಳಲ್ಲಿ ಒತ್ತೊತ್ತಿಕೊಂಡು ಕಣಿವೆ ಹತ್ತಿ ಬರುತ್ತಾರೆ. ಬಂದವರು ಅವ್ವನ ಮನೆಯ ಕೌದಿಗಳ ಮೇಲೆ ಬಿದ್ದರೆಂದರೆ ಹಿಂದಿರುಗುವ ದಿನವೇ ಮೇಲೇಳುವುದು. ಆ ದಿನಗಳಲ್ಲಿ ಇಡೀ ಊರಿನಲ್ಲಿ ಕಣ್ಣು ಮುಚ್ಚದೆ, ಹೆದರಿ ಹೆದರಿ ಓಡಾಡುತ್ತಿದ್ದವಳು ಒಬ್ಬಳೇ. ಅವಳು ನನ್ನ ಓರಗಿತ್ತಿ ಜೂರಕಾನ್.

ಜೂರಕಾನ್ ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಒಂದು ಮುರುಕಲು ಬೇಲಿ, ಅದನ್ನು ದಾಟಲು ಕಾಲೆತ್ತಿದರೆ ಸಾಕು. ಭಾವ ತೀರಿಕೊಂಡ ಮೇಲೆ ಅವಳು ಊರ ಶಾಲೆಯಲ್ಲಿ ಒಲೆ ಉರಿಸುವ ಕೆಲಸಕ್ಕೆ ಸೇರಿದಳು. ಮಕ್ಕಳು ಬರುವ ಮೊದಲೇ ಒಂದೊಂದು ತರಗತಿಯ ಒಲೆಗೂ ಬೆರಣಿ ಮುರಿದು ಹಾಕಿ, ಬೆಂಕಿ ಹಿಡಿದ ಮೇಲೆ ಕಲ್ಲಿದ್ದಲು ಸುರಿದು, ಮೋರೆಯೆಲ್ಲ ಮಸಿ ಮಾಡಿಕೊಂಡು ಮನೆಗೆ ಬರುವಳು. ಆ ಕೆಲಸದಲ್ಲಿ ಅವಳಿಗೆ ಒಂದಿಷ್ಟೂ ಭಯವಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಶಾಲೆಯಲ್ಲಿ ಯಾರೂ ಮಲಗುವುದಿಲ್ಲವಲ್ಲ ಎಂದಳು. ಹಿಂದಿನ ಬೆಂಚಿನವರು ಮಲಗುತ್ತಾರಲ್ಲ ಎಂದೆ. ಅವರನ್ನು ಮೇಷ್ಟ್ರು ಎಬ್ಬಿಸುತ್ತಾರೆ ಎಂದಳು, ನಗದೆ.

ಅವಳ ಭಯವೆಲ್ಲ ಇದ್ದದ್ದು ಹೊಗೆಗೂಡಿನೊಳಗಿನ ಒಂದು ಕಬ್ಬಿಣದ ತಗಡಿನ ಬಗ್ಗೆ. ಉರಿ ಇಳಿದ ಮೇಲೆ ಎಲ್ಲರೂ ಆ ತಗಡನ್ನು ಅಡ್ಡ ಎಳೆದು ಹೊಗೆಗೂಡು ಮುಚ್ಚುತ್ತಾರೆ. ಬಿಸಿ ಒಳಗೇ ಉಳಿಯುತ್ತದೆ, ಬೆಳಗಿನ ತನಕ ಗೋಡೆ ಬೆಚ್ಚಗಿರುತ್ತದೆ. ಕೆಂಡ ಪೂರಾ ಕಪ್ಪಾಗುವ ಮೊದಲೇ ಎಳೆದುಬಿಟ್ಟರೆ ಮಾತ್ರ ಕೆಂಡದ ವಿಷಗಾಳಿಯೂ ಒಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೂರಕಾನ್ ಕೆಂಡವನ್ನು ಕೆದಕಿ ಕೆದಕಿ ನೋಡುವಳು, ಕಪ್ಪಾದ ಮೇಲೂ ಕಾಯುವಳು, ಕೊನೆಗೆ ಎಳೆದರೂ ಅರ್ಧಕ್ಕೇ ನಿಲ್ಲಿಸುವಳು. ಕಿಟಕಿಯ ಮೇಲಿನ ಪುಟ್ಟ ಗಾಜನ್ನೂ ಚೂರು ತೆರೆದಿಡುವಳು. ಅವಳ ಮನೆಯಲ್ಲಿ ನಾವೆಲ್ಲ ಕೋಟು ಹಾಕಿಕೊಂಡೇ ಚಹಾ ಕುಡಿಯುತ್ತಿದ್ದೆವು. ಜೂರಕಾನ್ ಮನೆ ಕಾಯಿಸುವುದಿಲ್ಲ, ಆಕಾಶ ಕಾಯಿಸುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರಲ್ಲಿ ನಾನೂ ಹಿಂದೆ ಬಿದ್ದವಳಲ್ಲ.

ರಜೆ ಶುರುವಾದರೆ ಅವಳ ಇನ್ನೊಂದು ಕಾಟ. ಹಾಲು ಕರೆಯುವ ಹೊತ್ತಿಗೆ ಅಂಗಳದಲ್ಲಿ ನಿಂತು ಊರಿನ ಒಂದೊಂದು ಹೊಗೆಗೂಡನ್ನೂ ನೋಡುವಳು. ಯಾರ ಮನೆಯಲ್ಲಿ ಹೊಗೆ ಏಳಲಿಲ್ಲವೋ ಆ ಮನೆಯ ಬಾಗಿಲು ಬಡಿಯುವಳು. ಬಿಷ್ಕೆಕ್‌ನಿಂದ ಬಂದು ಮಲಗಿದವರು ಅವಳನ್ನು ಬೈಯದ ದಿನವಿಲ್ಲ. ನಮ್ಮ ಬಾಗಿಲೂ ಎಷ್ಟೋ ಸಲ ಏಟು ತಿಂದಿದೆ.

"ಕೆನ್ಜೆ, ಏಳೇ. ನಿಮ್ಮನೆ ಹೊಗೆ ಕಾಣಿಸ್ಲಿಲ್ಲ."

"ಒಲೆ ಹಚ್ಚಿಲ್ಲ ಅಕ್ಕ, ಮಲಗಿದ್ವಿ."

"ಎಲ್ರೂ ಉಸಿರಾಡ್ತಿದ್ದೀರಾ?"

"ನಿನ್ನ ಬೈಯೋಷ್ಟು ಉಸಿರಾಡ್ತಿದ್ದೀನಿ. ಮಲಗೋಕೆ ಬಿಡು."

ಬೈದರೆ ಅವಳ ಮುಖ ಅರಳುತ್ತಿತ್ತು. ಬೈಗುಳ ಕೇಳಿಸಿಕೊಂಡು, ಸಮಾಧಾನದಿಂದ ಮುಂದಿನ ಮನೆಗೆ ಹೋಗುವಳು.

ಇದರ ಹಿಂದಿನ ಕಥೆಯನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಉಣ್ಣೆ ಬಿಡಿಸುತ್ತ ಕುಳಿತಿದ್ದಾಗ, ಕೈ ನಿಲ್ಲಿಸದೆ. ಅವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಚಳಿಗಾಲದ ರಜೆಗೆ ಕಣಿವೆಯಾಚೆಯ ಅಕ್ಕನ ಮನೆಗೆ ಹೋಗಿದ್ದಳಂತೆ. ಅಕ್ಕನ ಅತ್ತೆ ಮಾವನೂ ಬಂದಿದ್ದರು. ನಮ್ಮಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಬಳಿಯದು ಹಿರಿಜಾಗ. ದೊಡ್ಡವರಿಗೆ, ನೆಂಟರಿಗೆ ಅಲ್ಲಿ ಹಾಸಬೇಕು. ಬಾಗಿಲ ಪಕ್ಕದ್ದು ಸೊಸೆಯಂದಿರಿಗೆ, ಚಿಕ್ಕವರಿಗೆ. ಜೂರಕಾನ್‌ಗೆ ಬಾಗಿಲ ಸಂದಿಗೇ ಹಾಸಿಗೆ ಹಾಕಿದರು. ಕೆಳಗಿನಿಂದ ಚಳಿಗಾಳಿ ಸುಯ್ಯೆಂದು ಮೋರೆಗೇ ಬಡಿಯುತ್ತಿತ್ತು. ನೆಂಟಳಾಗಿ ಬಂದವಳಿಗೆ ಇದೇನಾ ಮರ್ಯಾದೆ ಎಂದು ಮುಸುಗಿನೊಳಗೆ ಅತ್ತು ಅತ್ತು ನಿದ್ದೆ ಹೋದಳು. ನೆಂಟರಿಗೆ ಬೆಚ್ಚಗಿರಲೆಂದು ಯಾರೋ ತಗಡನ್ನು ಬೇಗ ಎಳೆದಿದ್ದರು. ಬೆಳಿಗ್ಗೆ ಆ ಮನೆಯಲ್ಲಿ ಎದ್ದವಳು ಅವಳೊಬ್ಬಳೇ. ಇಷ್ಟು ಹೇಳಿ ಉಣ್ಣೆ ಕೊಡವಿ ಎದ್ದು ಹೋದಳು.

ಮಗನಿಗೆ ಅವಳು ಇದನ್ನು ಹೇಳಿರಲಿಲ್ಲ. ಅಂಥ ಸಾವಿನ ಮಾತನ್ನು ಮಕ್ಕಳಿರುವ ಮನೆಯಲ್ಲಿ ಆಡಬಾರದು, ಆಡಿದರೆ ಅದು ಆ ಮನೆಯ ದಾರಿ ಹಿಡಿಯುತ್ತದೆ ಎನ್ನುವವರು ನಾವು. ಹಾಗಾಗಿ ಶೈಲೋಬೆಕ್ ಅವ್ವನನ್ನು ಬರೀ ಜಿಪುಣಿ ಎಂದುಕೊಂಡೇ ದೊಡ್ಡವನಾದ.

ಶೈಲೋಬೆಕ್ ಲಾರಿ ಓಡಿಸುತ್ತಾನೆ. ಬಿಷ್ಕೆಕ್‌ನಲ್ಲೇ ಜಿಪರ್ ಎಂಬ ಹುಡುಗಿಯನ್ನು ಮದುವೆಯಾದ. ಸೆಜಿಮ್ ಎಂಬ ಮಗು ಹುಟ್ಟಿ ಆಗಿನ್ನೂ ಕೂರಲು ಕಲಿಯುತ್ತಿತ್ತು. ಬೀಗರು ನಮ್ಮ ಕಡೆ ಬಂದೇ ಇರಲಿಲ್ಲ. ಹೋದ ಚಳಿಗಾಲ ಅವನು ಫೋನು ಮಾಡಿ, ರಜೆಗೆ ಎಲ್ಲರೂ ಬರುತ್ತೇವೆ, ಮಾವನೂ ಅತ್ತೆಯೂ ಬರುತ್ತಾರೆ, ಒಂದಷ್ಟು ದಿನ ಆರಾಮಾಗಿ ಇದ್ದು ಹೋಗುತ್ತೇವೆ ಎಂದ. ಬೇರೆ ಯಾವ ತಾಯಿಯಾದರೂ ಕುಣಿದಾಡುತ್ತಿದ್ದಳು. ಇವಳು ಬೇಲಿ ದಾಟಿ ಬಂದು ನನ್ನ ಒಲೆಯ ಮುಂದೆ ಕುಸಿದು ಕುಳಿತಳು. ಕೈ ತಣ್ಣಗಾಗಿತ್ತು.

"ಬೀಗರು ಬರ್ತಾರೆ ಅಂದ್ರೆ ಒಳ್ಳೇದಲ್ವಾ ಅಕ್ಕ?" ಎಂದೆ.

"ಬಂದ್ರೆ ಮಲಗ್ತಾರಲ್ಲ, ಕೆನ್ಜೆ."

ಬಂದರು. ಬೀಗರ ಹೆಸರು ಮಾಂಬೆತ್. ಬಿಷ್ಕೆಕ್‌ನಲ್ಲಿ ಟ್ರಾಲಿಬಸ್ ಓಡಿಸಿ ನಿವೃತ್ತರಾದವರು, ಬಾಗಿಲು ತುಂಬುವಂಥ ಆಳು, ಅದಕ್ಕೆ ತಕ್ಕ ನಗು. ಬೀಗಿತ್ತಿ ರಯ್ಹಾನ್ ಸಣ್ಣ ಜೀವ, ಮಾತು ಕಮ್ಮಿ, ಎದೆಯಲ್ಲಿ ಕೆಮ್ಮು. ಇಬ್ಬರೂ ಸರ್ಕಾರದ ಬಿಸಿನೀರಿನ ಕೊಳವೆ ಹರಿಯುವ ಫ್ಲಾಟಿನಲ್ಲಿ ಬಾಳಿದವರು, ಒಲೆಯ ಸಹವಾಸ ಗೊತ್ತಿಲ್ಲದವರು. ಜೂರಕಾನ್ ಏನೂ ಕಮ್ಮಿ ಮಾಡಲಿಲ್ಲ. ಕುರಿ ಕಡಿಸಿದ್ದಳು, ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಕರಿದು ರಾಶಿ ಹಾಕಿದ್ದಳು, ಕೆನೆ, ಬೆಣ್ಣೆ, ಕುದುರೆ ಮಾಂಸದ ಸಾಸೇಜು ಎಲ್ಲ ಇತ್ತು. ಬೀಗರಿಗೆ ಹಿರಿಜಾಗದಲ್ಲಿ ಹೊಸ ಕೌದಿಗಳನ್ನು ಒಂದರ ಮೇಲೊಂದು ಹಾಸಿದಳು. ಅದೇ ಗೋಡೆಯ ಮೂಲೆಗೆ ಒಲೆ, ಅದರ ಬಾಯಿ ಕೋಣೆಯೊಳಕ್ಕೇ. ನಾನು ನೋಡುತ್ತಿದ್ದೆ, ಆ ಹಾಸಿಗೆ ಹಾಸುವಾಗ ಅವಳು ಮತ್ತೆ ಮತ್ತೆ ತಗಡಿನ ಹಿಡಿಕೆಯ ಕಡೆ ತಿರುಗುತ್ತಿದ್ದಳು.

ಮೊದಲ ರಾತ್ರಿ ಅವಳು ಮಲಗಲೇ ಇಲ್ಲವೆಂದು ಮಾರನೆಯ ದಿನ ಸೊಸೆ ಜಿಪರ್ ನನ್ನ ಹತ್ತಿರ ಪಿಸುಗುಟ್ಟಿದಳು. ಅತ್ತೆ ಒಬ್ಬೊಬ್ಬರ ಮೂಗಿನ ಹತ್ತಿರವೂ ಬಾಗಿ ಬಾಗಿ ನೋಡುತ್ತಿದ್ದರಂತೆ. ಬೀಗರು ಕಣ್ಣು ಬಿಟ್ಟಾಗ ಜೂರಕಾನ್‌ಳ ಮುಖ ಅಂಗೈ ದೂರದಲ್ಲಿತ್ತಂತೆ. ಅವರು ಪುಣ್ಯಾತ್ಮರು, ಗೋಡೆ ಕಡೆ ತಿರುಗಿ ಮಲಗಿದರಂತೆ.

ಆ ದಿನ ಮಧ್ಯಾಹ್ನದ ಊಟಕ್ಕೆ ನಾನೂ ಅಲ್ಲಿದ್ದೆ. ನನ್ನ ಗಂಡ ಹುಲ್ಲು ತರಲು ಪಕ್ಕದ ಊರಿಗೆ ಹೋಗಿದ್ದ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಡ್ಡೆ ಕಟ್ಟುವ ಚಳಿ. ರಯ್ಹಾನ್ ಕೋಟಿನ ಮೇಲೊಂದು ಶಾಲು ಹೊದ್ದು, ಕೆಮ್ಮುತ್ತಾ, ಕೈ ಬಟ್ಟಲಿಗೆ ಒತ್ತಿಕೊಂಡು ಕುಳಿತಿದ್ದರು. ಮಾಂಬೆತ್ ಹಿರಿಯ ನೆಂಟರೆಂದು ತಮ್ಮ ಮುಂದಿಟ್ಟ ಕುರಿತಲೆಯ ಕಿವಿ ಕೊಯ್ದು ಚಿಕ್ಕವರಿಗೆ ಕೊಡುತ್ತಾ, ತಮಾಷೆಗೇ, ಬಾಯಿ ಬಿಟ್ಟರು.

"ಬೀಗಿತ್ತಿ, ಕುರಿ ಕಡಿದು ಇಲ್ಲೇ ಹಿರಿಜಾಗದಲ್ಲಿ ನೇತು ಹಾಕಿದ್ರೂ ಬೇಸಿಗೆವರೆಗೂ ಕೆಡೋದಿಲ್ಲ ಬಿಡಿ."

ಎಲ್ಲರೂ ನಕ್ಕರು. ಶೈಲೋಬೆಕ್ ನಗಲಿಲ್ಲ. ಅವನ ಕಿವಿಯ ತುದಿ ಕೆಂಪಾಯಿತು. ಹೆಣ್ಣು ಕೊಟ್ಟ ಮಾವನನ್ನು ಮೊದಲ ಸಲ ಮನೆಗೆ ಕರೆದು ಚಳಿಯಲ್ಲಿ ಕೂರಿಸುವುದೆಂದರೆ ನಮ್ಮಲ್ಲಿ ಮಾನ ಹೋದ ಹಾಗೆಯೇ. ಅವ್ವನ ಕಡೆ ಬಾಗಿ, ತಗಡು ಎಳಿ ಅವ್ವ, ಬೆಂಕಿ ಇಳಿದಿದೆಯಲ್ಲ ಎಂದು ಮೆಲ್ಲಗೆ ಹೇಳಿದ. ಜೂರಕಾನ್ ಬೇಡವೆಂದು ತಲೆಯಾಡಿಸಿ, ಎದ್ದು ಒಲೆಗೆ ಇನ್ನೂ ಎರಡು ಬುಟ್ಟಿ ಕಲ್ಲಿದ್ದಲು ಸುರಿದಳು. ಅವಳಿಗೆ ಗೊತ್ತಿದ್ದ ಉಪಚಾರ ಅಷ್ಟೇ, ಬಿಸಿ ಬೇಕಾದರೆ ಇನ್ನಷ್ಟು ಉರಿಸುವುದು. ತಗಡಿನ ಹಿಡಿಕೆಯನ್ನು ಮೊಳೆಗೆ ಸೇರಿಸಿ ತಂತಿಯಿಂದ ಕಟ್ಟಿ ಬಿಗಿದಳು, ಯಾರೂ ಎಳೆಯದ ಹಾಗೆ.

ಆಮೇಲೆ ದನಗಳಿಗೆ ನೀರು ಕುಡಿಸಬೇಕಿತ್ತು. ಜಿಪರ್ ಏಳಹೋದಳು. ನೀನು ಕೂರಮ್ಮ, ನಿಮ್ಮಪ್ಪ ಅಮ್ಮ ಬಂದಿದ್ದಾರೆ, ನಾವು ಹೋಗುತ್ತೇವೆ ಎಂದು ನಾನೇ ಅವಳನ್ನು ಕೂರಿಸಿದೆ. ಜೂರಕಾನ್ ಬಾಗಿಲಲ್ಲಿ ನಿಂತು ಮಗನಿಗೆ, ನಾನು ಬರುವ ತನಕ ತಗಡು ಮುಟ್ಟಬೇಡ ಎಂದಳು. ಹೂಂ ಎಂದ. ಮತ್ತೊಂದು ಸಲ ಹೇಳಿದಳು. ನೆಂಟರ ಮುಂದೆ ಹೀಗೆ ಮಗುವಿಗೆ ಹೇಳಿದ ಹಾಗೆ ಹೇಳಿಸಿಕೊಳ್ಳುವುದು ಅವನಿಗೆ ಹಿಡಿಸಲಿಲ್ಲ. ಹೋಗವ್ವ ಸಾಕು ಎಂದ.

ನಾವು ಬೇಲಿ ದಾಟುವುದನ್ನೇ ಅವನು ಕಾಯುತ್ತಿದ್ದ. ಕಲ್ಲಿದ್ದಲಿನ ಹೊಗೆ ಕಮ್ಮಿಯಾಗಿ ಕೆಂಡ ಕೆಂಪಗೆ ನಿಗಿನಿಗಿ ಎನ್ನುತ್ತಿದ್ದ ಹೊತ್ತಿಗೇ ತಂತಿ ಬಿಚ್ಚಿ ತಗಡನ್ನು ಪೂರ್ತಿ ಎಳೆದ. ಕಿಟಕಿಯ ಮೇಲಿನ ಗಾಜಿನ ಸಂದಿಗೆ ದಿಂಬು ತುರುಕಿದ. ಬಾಗಿಲ ಅಡಿಯಿಂದ ಬರುವ ಗಾಳಿಗೆ ಒಂದು ಕೌದಿ ಸುರುಳಿ ಸುತ್ತಿ ಒತ್ತರಿಸಿದ. ಅವ್ವ ಬರುವ ಮೊದಲೇ ಎಲ್ಲ ಬಿಚ್ಚಿದರಾಯಿತು, ಒಂದು ಗಳಿಗೆ ಅತ್ತೆ ಮಾವ ಬೆಚ್ಚಗಿರಲಿ ಎಂದು ಅವನ ಲೆಕ್ಕ. ಕೋಣೆ ಬಿಸಿಯಾಯಿತು. ರಯ್ಹಾನ್ ಕೋಟು ತೆಗೆದರು. ಈಗ ಮನೆ ಮನೆಯಾಯಿತು ನೋಡು ಎಂದರು ಮಾಂಬೆತ್. ಹೊಟ್ಟೆ ತುಂಬಾ ಮಾಂಸ ತಿಂದಿದ್ದರು, ರಜೆ ಬೇರೆ. ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಅಜ್ಜ ಅಜ್ಜಿ ಹಿರಿಜಾಗದಲ್ಲಿ ಒರಗಿದರು. ಶೈಲೋಬೆಕ್ ಅವರ ಕಾಲ ಬಳಿ ಮಲಗಿದ. ಸೊಸೆ ಬಾಗಿಲ ಬಳಿ ಕುಳಿತಲ್ಲೇ ತೂಕಡಿಸಿದಳು. ಇದನ್ನೆಲ್ಲ ಅವಳೇ ಆಮೇಲೆ ಹೇಳಿದ್ದು.

ಹೊಳೆಯಲ್ಲಿ ನಮಗೆ ತಡವಾಯಿತು. ಹೊಳೆಯ ಹಿಮಗಡ್ಡೆಯಲ್ಲಿ ಹಿಂದಿನ ದಿನ ತೆಗೆದಿದ್ದ ನೀರಿನ ಕಂಡಿ ಮೊಳದಷ್ಟು ದಪ್ಪ ಹೆಪ್ಪುಗಟ್ಟಿತ್ತು. ನಾನು ಕೊಡಲಿಯಿಂದ ಗಡ್ಡೆ ಕಡಿಯುತ್ತಿದ್ದೆ, ಅವಳು ಚೂರುಗಳನ್ನು ಎತ್ತಿ ಹಾಕುತ್ತಿದ್ದಳು. ದನ ಒಂದೊಂದಾಗಿ ಕುಡಿಯಬೇಕು, ಅವೋ ನಿಧಾನ. ನಾನು ಬೀಗಿತ್ತಿಯ ಕೋಟಿನ ಬಗ್ಗೆ, ಬೀಗರ ಹೊಟ್ಟೆಯ ಬಗ್ಗೆ ಏನೇನೋ ಹರಟುತ್ತಿದ್ದೆ. ಅವಳ ಕಿವಿ ಇಲ್ಲಿರಲಿಲ್ಲ.

ದನ ಹೊಡೆದುಕೊಂಡು ದಡ ಹತ್ತಿದೆವು. ಅಲ್ಲಿಂದ ಇಡೀ ಊರು ಕಾಣುತ್ತದೆ. ಗಾಳಿಯಿಲ್ಲದ ದಿನ, ಪ್ರತಿ ಮನೆಯ ಹೊಗೆಯೂ ನೆಟ್ಟಗೆ ಮೇಲೇರಿ ನಿಂತಿತ್ತು. ಜೂರಕಾನ್ ತಟ್ಟನೆ ನಿಂತಳು. ನಾನೂ ನೋಡಿದೆ. ಅವಳ ಮನೆಯ ಹೊಗೆಗೂಡಿನಿಂದ ಏನೂ ಏಳುತ್ತಿರಲಿಲ್ಲ. ಎರಡು ಬುಟ್ಟಿ ಕಲ್ಲಿದ್ದಲು ಸುರಿದು ಬಂದ ಒಲೆ ಅದು.

ಬೆಂಕಿ ಆರಿರಬಹುದು ಎಂದೆ. ನನ್ನ ಮಾತು ನನಗೇ ಸುಳ್ಳೆನಿಸಿತು. ಅವಳು ಮರುಕ್ಷಣ ಓಡುತ್ತಿದ್ದಳು. ಮಂಡಿವರೆಗಿನ ಹಿಮದಲ್ಲಿ ಆ ವಯಸ್ಸಿನ ಹೆಂಗಸು ಬೀಳುತ್ತ, ಏಳುತ್ತ, ಕೈಯೂರಿ ತೆವಳುತ್ತ ಓಡುವುದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ದನಗಳನ್ನು ಅಲ್ಲೇ ಬಿಟ್ಟೆ. ಕೊಡಲಿ ಕೈಯಲ್ಲೇ ಇತ್ತು. ಅಷ್ಟು ವರ್ಷ ಅವಳ ಭಯವನ್ನು ನೋಡಿ ನಕ್ಕಿದ್ದೆನಲ್ಲ, ಆ ಭಯ ಹೇಗಿರುತ್ತದೆ ಎಂಬುದು ಆ ದಿಣ್ಣೆಯ ಮೇಲೆ ಗೊತ್ತಾಯಿತು.

ಹೊರಬಾಗಿಲು ತೆರೆಯಿತು. ಒಳಬಾಗಿಲು ಜಗ್ಗಲಿಲ್ಲ. ಅಡಿಯಲ್ಲಿ ಸುರುಳಿ ಸುತ್ತಿದ ಕೌದಿ, ಅದಕ್ಕೊರಗಿ ಸೊಸೆ. ಜೂರಕಾನ್ ಕೌದಿಯ ತುದಿ ಕಂಡವಳೇ ಒಂದು ಥರಾ ಕೂಗು ಹಾಕಿದಳು. ಅವಳ ಅಕ್ಕನ ಮನೆಯಲ್ಲಿ ಅವಳನ್ನು ಉಳಿಸಿದ್ದು ಆ ಸಂದಿಯ ಗಾಳಿ. ಇಲ್ಲಿ ಅದನ್ನೂ ಮುಚ್ಚಿದ್ದರು.

"ಕಿಟಕಿ ಒಡಿ ಕೆನ್ಜೆ. ಎಲ್ಲಾ ಒಡಿ."

ನಾನು ಹೊರಗೆ ಓಡಿ ಕೊಡಲಿಯ ಹಿಂಬದಿಯಿಂದ ಕಿಟಕಿಗಳನ್ನು ಒಡೆದೆ, ಗಾಜೂ ಚೌಕಟ್ಟೂ ಒಟ್ಟಿಗೆ ಒಳಗೆ ಬಿತ್ತು. ಯಾರೂ ಕಿರುಚಲಿಲ್ಲ. ಅಷ್ಟು ಸದ್ದಿಗೂ ಒಳಗೆ ಒಬ್ಬರೂ ಕಿರುಚಲಿಲ್ಲವಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಿರುಗಿ ಬರುವಷ್ಟರಲ್ಲಿ ಜೂರಕಾನ್ ಭುಜ ಕೊಟ್ಟು ಬಾಗಿಲು ದೂಡಿ ಒಳಗೆ ನುಗ್ಗಿದ್ದಳು. ಬಾಗಿಲ ಬಳಿಯ ಸೊಸೆಯನ್ನು ದಾಟಿದಳು, ಸ್ವಂತ ಮಗನನ್ನು ದಾಟಿದಳು, ನೇರ ಹಿರಿಜಾಗಕ್ಕೆ ಹೋಗಿ ಅಜ್ಜ ಅಜ್ಜಿಯ ನಡುವಿನಿಂದ ಮಗುವನ್ನು ಎತ್ತಿದಳು. ಮರ್ಯಾದೆಯ ಜಾಗ ನಮ್ಮಲ್ಲಿ ಬಾಗಿಲಿಗೆ ಎಲ್ಲಕ್ಕಿಂತ ದೂರ. ಮಗುವನ್ನು ನನ್ನ ಕೈಗೆ ಎಸೆದು ಹಿಂದಿರುಗಿದಳು. ಸೆಜಿಮ್‌ಳ ಕೆನ್ನೆ ಕೆಂಪು ಸೇಬಿನ ಹಾಗಿತ್ತು. ನೋಡಿದವರು ಎಷ್ಟು ಆರೋಗ್ಯವಾಗಿದೆ ಎನ್ನಬೇಕು. ಕುತ್ತಿಗೆ ಮಾತ್ರ ನಿಲ್ಲುತ್ತಿರಲಿಲ್ಲ.

ನನ್ನ ಕೋಟಿನ ಮೇಲೆ ಮಗುವನ್ನು ಅಂಗಳದ ಹಿಮದಲ್ಲಿ ಮಲಗಿಸಿ ನಾನೂ ಒಳಗೆ ಹೋಗಬೇಕಾಯಿತು. ಜಿಪರ್ ಗಾಳಿ ತಾಗಿ ಕೆಮ್ಮಿ ತೆವಳಲು ಶುರುಮಾಡಿದ್ದಳು, ಅವಳನ್ನು ಹೊಸ್ತಿಲಾಚೆ ದೂಡಿದೆ. ರಯ್ಹಾನ್‌ರನ್ನು ಜೂರಕಾನ್ ಒಬ್ಬಳೇ ಹೊತ್ತು ತಂದಳು. ಮಾಂಬೆತ್ ಮಾತ್ರ ಜಗ್ಗಲಿಲ್ಲ. ತಲೆ ಕಡೆ ಎತ್ತಲು ಆಗಲೇ ಇಲ್ಲ. ಅವಳು ಅವರ ಎರಡೂ ಕಾಲು ಹಿಡಿದಳು. ನಮ್ಮಲ್ಲಿ ಕಾಲು ಮುಂದಾಗಿ ಮನೆ ದಾಟುವವರು ಹೆಣವಾದವರು ಮಾತ್ರ.

"ಅಕ್ಕ, ಬೀಗರನ್ನ ಕಾಲು ಮುಂದಾಗಿ..."

"ಎಳಿಯೇ ಕೆನ್ಜೆ."

ಎಳೆದೆವು. ತಲೆಯ ಹಿಂಬದಿ ಹೊಸ್ತಿಲಿಗೆ ತಾಗಿ ಬುಗುಟು ಎದ್ದಿತು. ಶೈಲೋಬೆಕ್‌ನನ್ನು ಕೊನೆಗೆ ತಂದೆವು. ಅವನು ಅರ್ಧ ಎಚ್ಚರದಲ್ಲಿ ಅಂಗಳದಲ್ಲೇ ವಾಂತಿ ಮಾಡಿಕೊಂಡ. ಸದ್ದು ಕೇಳಿ ಅಕ್ಕಪಕ್ಕದವರು ಓಡಿ ಬಂದರು, ಯಾರೋ ನರ್ಸಮ್ಮನನ್ನು ಕರೆಯಲು ಹೋದರು. ಹಿಮದ ಮೇಲೆ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ನರಳಲು ಶುರುಮಾಡಿದರು. ಆ ನರಳಾಟ ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತೆಂದರೆ ಹೇಳಲಾರೆ.

ಮಗು ನರಳಲಿಲ್ಲ. ಜೂರಕಾನ್ ಅದನ್ನು ಮಡಿಲಲ್ಲಿ ಹಾಕಿಕೊಂಡು ಬಾಯಿಗೆ ಬಾಯಿ ಕೊಟ್ಟು ಊದುತ್ತಿದ್ದಳು, ಹಿಮದಿಂದ ಪಾದ ತಿಕ್ಕುತ್ತಿದ್ದಳು, ಮತ್ತೆ ಊದುತ್ತಿದ್ದಳು. ಜಿಪರ್ ಮಂಡಿಯಲ್ಲಿ ತೆವಳಿ ಬಂದು ಅತ್ತೆಯ ಕೋಟಿನ ಅಂಚು ಹಿಡಿದುಕೊಂಡಳು, ಅಳಲೂ ಹೆದರಿ. ನಾವೆಲ್ಲ ಸುತ್ತ ನಿಂತಿದ್ದೆವು. ದೇವರೇ, ಇದೊಂದನ್ನು ಬಿಟ್ಟುಕೊಡು, ಇನ್ನು ಜನ್ಮದಲ್ಲಿ ಇವಳನ್ನು ಆಡಿಕೊಳ್ಳುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಆಮೇಲೆ ಮಗುವಿನ ಎದೆ ಒಮ್ಮೆ ಜಗ್ಗಿತು. ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ಬಂತು. ಜೂರಕಾನ್ ನಂಬಲಿಲ್ಲ. ತೊಡೆ ಚಿವುಟಿದಳು. ಮಗು ಸಿಟ್ಟಿಗೆದ್ದು ಕಿರುಚಿತು. ಮತ್ತೊಮ್ಮೆ ಚಿವುಟಿದಳು. ಸಾಕು ಬಿಡು ಅಕ್ಕ, ಬದುಕಿದ್ದನ್ನ ಚಿವುಟಿ ಕೊಲ್ತೀಯಾ ಎಂದು ನಾನೇ ಕೈ ಹಿಡಿದೆ.

ಆಂಬುಲೆನ್ಸ್ ಬಂದು ಎಲ್ಲರನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿತು. ಒಂದು ರಾತ್ರಿ ಮೂಗಿಗೆ ಗಾಳಿ ಕೊಟ್ಟು ಮಲಗಿಸಿದರಂತೆ. ಜೂರಕಾನ್ ಹೋಗಲಿಲ್ಲ, ಜಾಗವಿರಲಿಲ್ಲ. ನಾನು ಒಡೆದ ಕಿಟಕಿಗೆ ಕಂಬಳಿ ಮೊಳೆ ಹೊಡೆದೆ. ಅವಳು ಆರಿದ ಒಲೆಯ ಮುಂದೆ ಕುಳಿತಿದ್ದಳು. ಮಗುವನ್ನು ಇನ್ನು ಈ ಮನೆಗೆ ಕಳಿಸುವುದಿಲ್ಲ ಅವರು ಎಂದಳು. ಯಾರು ತಾನೇ ಕಳಿಸುತ್ತಾರೆ ಎಂದಳು. ಬೀಗರು ಅಲ್ಲಿಂದಲೇ ಬಿಷ್ಕೆಕ್ ದಾರಿ ಹಿಡಿಯುತ್ತಾರೆಂದು ನನಗೂ ಅನಿಸಿತ್ತು. ಹಾಗಾಗಿ ಸಮಾಧಾನದ ಸುಳ್ಳು ಹೇಳಲಿಲ್ಲ.

ಮಾರನೆಯ ದಿನ ಹೊತ್ತು ಇಳಿಯುವಾಗ ವ್ಯಾನು ಬಂತು. ಮಾಂಬೆತ್ ಮೊದಲು ಇಳಿದರು, ತಲೆಯ ಹಿಂದೆ ಬುಗುಟು, ಕಂಕುಳಲ್ಲಿ ಮಗು. ಶೈಲೋಬೆಕ್ ತಲೆಯೆತ್ತದೆ ಎಲ್ಲರ ಹಿಂದೆ ಬಂದ. ಅವ್ವನ ಮುಂದೆ ನಿಂತ. ಅವಳು ಅವನ ಕೋಟಿನ ಗುಂಡಿ ಹಾಕಿ ಒಳಗೆ ಕರೆದಳು, ಅಷ್ಟೇ. ಒಲೆ ಹಚ್ಚಿದಳು. ಎಲ್ಲರೂ ಕೋಟು ಹಾಕಿಕೊಂಡೇ ಚಹಾಕ್ಕೆ ಕುಳಿತೆವು. ಚಳಿಯ ತಮಾಷೆ ಯಾರೂ ಮಾಡಲಿಲ್ಲ.

ಬಟ್ಟಲು ಖಾಲಿಯಾದ ಮೇಲೆ ಮಾಂಬೆತ್ ಕೇಳಿದರು. "ಬೀಗಿತ್ತಿ, ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ಅವಳ ಮುಖ ನೋಡಿದೆ. ಮಗುವಿರುವ ಮನೆ, ಆಡಬಾರದ ಮಾತು. ಅವಳು ಮೇಜುಬಟ್ಟೆಯ ಮೇಲಿನ ರೊಟ್ಟಿಯ ಚೂರುಗಳನ್ನು ಒಟ್ಟುಮಾಡಿದಳು. ಕೊನೆಗೆ ಅಕ್ಕನ ಮನೆಯ ಕಥೆ ಹೇಳಿದಳು. ನನಗೆ ಹೇಳದೆ ಬಿಟ್ಟಿದ್ದನ್ನೂ ಹೇಳಿದಳು.

"ಬೆಳಿಗ್ಗೆ ಎದ್ದೆ. ತಲೆ ಸಿಡೀತಿತ್ತು. ಅವರ್ಯಾರೂ ಎದ್ದಿರ್ಲಿಲ್ಲ. ರಜೆ ಅಲ್ವಾ, ಮಲಗ್ಲಿ ಅಂತ ಸದ್ದು ಮಾಡ್ದೆ ಚಹಾ ಕಾಸ್ದೆ. ಅಕ್ಕ ಏಳ್ತಾಳೆ ಅಂತ ಕಾದು ಕೂತೆ. ಚಹಾ ಆರೋಯ್ತು. ಮತ್ತೆ ಕಾಸ್ದೆ."

ಶೈಲೋಬೆಕ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ರಯ್ಹಾನ್ ಕೈ ಚಾಚಿ ಜೂರಕಾನ್‌ಳ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ.

ಮಾಂಬೆತ್ ಎದ್ದರು. ಹಿರಿಜಾಗದಲ್ಲಿ ತಮಗೆ ಹಾಸಿದ್ದ ಹೊಸ ಕೌದಿಗಳನ್ನು ಒಟ್ಟಾಗಿ ತಬ್ಬಿ ಎತ್ತಿಕೊಂಡು ಕೋಣೆ ದಾಟಿ ಬಾಗಿಲ ಸಂದಿಗೆ ತಂದು ಹಾಕಿದರು. ನಮ್ಮ ಊರಿನಲ್ಲಿ ಬೀಗರಾದವರು ಆ ಜಾಗದಲ್ಲಿ ಕಾಲೊರೆಸುವುದೂ ಇಲ್ಲ. ಜೂರಕಾನ್ ಗಾಬರಿಯಾಗಿ, ಬೇಡಿ, ಅದು ನಿಮ್ಮ ಜಾಗವಲ್ಲ ಎಂದಳು. ಅವರು ಮಗುವನ್ನು ಅಲ್ಲೇ ಮಲಗಿಸಿ, ಪಕ್ಕದ ಹಾಸಿಗೆ ತಟ್ಟಿ ತೋರಿಸಿದರು.

"ಇದು ನಂದಲ್ಲ, ನಿಮ್ಮಿಬ್ಬರ್ದು. ನೀವು ಮಲಗಿ. ಕೆಂಡ ನಾನು ನೋಡ್ಕೊತೀನಿ."

ಎಷ್ಟು ಬೇಡವೆಂದರೂ ಕೇಳಲಿಲ್ಲ. ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಡ್ಡಿ ಹಿಡಿದು ಕೆದಕತೊಡಗಿದರು. ಜೂರಕಾನ್ ಮಗುವಿನ ಪಕ್ಕದಲ್ಲಿ ಅಡ್ಡಾದಳು. ಕಪ್ಪಾಯಿತೇ ಎಂದು ಕೇಳಿದಳು. ಇನ್ನೊಂದು ಕೆಂಪಿದೆ ಎಂದರು ಅವರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು. ಇದೆ, ಕಾಯ್ತಿದ್ದೀನಿ ಎಂದರು. ಮೂರನೆಯ ಸಲ ಅವಳು ಕೇಳಲಿಲ್ಲ.

ಬೆಳಿಗ್ಗೆ ಹಾಲು ಕರೆದು ಬೇಲಿ ದಾಟಿ ಹೋದೆ. ಮಾಂಬೆತ್ ಒಲೆಗೊರಗಿ ಗೊರಕೆ ಹೊಡೆಯುತ್ತಿದ್ದರು, ತಗಡು ಪೂರ್ತಿ ತೆರೆದೇ ಇತ್ತು. ಉಳಿದವರೆಲ್ಲ ಎದ್ದಿದ್ದರು. ಜೂರಕಾನ್ ಮಾತ್ರ ಎದ್ದಿರಲಿಲ್ಲ. ಸೊಸೆ ಚಹಾ ಮಾಡಿಟ್ಟಿದ್ದಳು. ಅತ್ತೆ ಮಲಗಲಿ ಚಿಕ್ಕಮ್ಮ, ಎಬ್ಬಿಸಬೇಡಿ ಎಂದಳು. ಸರಿ ಎಂದು ಕುಳಿತೆ. ಚಹಾ ಆರಿತು. ಜಿಪರ್ ಮತ್ತೆ ಕಾಯಿಸಿದಳು. ಮಗುವೂ ಎದ್ದು ಕೈಕಾಲು ಆಡಿಸತೊಡಗಿತು. ಅವಳು ಅಲುಗಲಿಲ್ಲ. ಜನ್ಮದಲ್ಲಿ ಅವಳನ್ನು ಅಷ್ಟು ಹೊತ್ತು ಮಲಗಿ ಕಂಡವಳಲ್ಲ ನಾನು. ಬಟ್ಟಲು ಕೆಳಗಿಟ್ಟೆ. ನನ್ನ ಕೈ ತಣ್ಣಗಾಗಿತ್ತು. ಮೆಲ್ಲಗೆ ಹೋಗಿ ಅವಳ ಪಕ್ಕದಲ್ಲಿ ಮಂಡಿಯೂರಿ, ಮೂಗಿನ ಕೆಳಗೆ ಬೆರಳು ಹಿಡಿದೆ.

"ಇದ್ದೀನಿ ಕಣೇ, ಮಲಗೋಕೆ ಬಿಡು" ಎಂದಳು, ಕಣ್ಣು ತೆರೆಯದೆ.